ಸಂತ ದೇವಸಹಾಯಂ: ತಲೆತಗ್ಗಿಸದ ವಿಶ್ವಾಸ



ಜನವರಿ 14 ಸಂತ ದೇವಸಹಾಯಂ ಪಿಳ್ಳೆಯವರ ಹಬ್ಬ. ಇವರು ಗುರುಗಳಲ್ಲ, ಸನ್ಯಾಸಿಯಲ್ಲ. ಹೆಂಡತಿ, ಮನೆ, ಉದ್ಯೋಗವಿದ್ದ ಸಂಸಾರಸ್ಥರು.

ತಿರುವಾಂಕೂರು ಅರಮನೆಯ ನೌಕರರಾಗಿದ್ದ ನೀಲಕಂಠ ಪಿಳ್ಳೆಯವರು ಬೆಳೆ, ದನಕರು ಕಳೆದುಕೊಂಡು ಕುಗ್ಗಿದ್ದಾಗ ಡಚ್ ಸೇನಾನಿ ಡಿ ಲನ್ನಾಯ್ ಅವರಿಗೆ ಯೋಬನ ಕಥೆ ಹೇಳಿದರಂತೆ. ಎಲ್ಲವನ್ನೂ ಕಳೆದುಕೊಂಡರೂ ದೇವರನ್ನು ಬಿಡದ ಯೋಬನು ಅವರ ಮನಸ್ಸಿಗೆ ನಾಟಿದನು. 1745ರಲ್ಲಿ ವಡಕ್ಕನ್‌ಕುಳದಲ್ಲಿ ದೀಕ್ಷಾಸ್ನಾನ ಪಡೆದು ದೇವಸಹಾಯಂ ಆದರು.

ಆದರೆ ಅವರ ಕಷ್ಟ ತೀರಲಿಲ್ಲ, ಹೆಚ್ಚಿತು. ಜಾತಿಭೇದವಿಲ್ಲದೆ ಎಲ್ಲರೂ ಸಮಾನರೆಂದದ್ದು ಮೇಲ್ವರ್ಗದವರನ್ನು ಕೆರಳಿಸಿತು. 1749ರಲ್ಲಿ ಅವರನ್ನು ಬಂಧಿಸಿದರು. ಕೋಣದ ಮೇಲೆ ಹಿಮ್ಮುಖವಾಗಿ ಕೂರಿಸಿ ಮೆರವಣಿಗೆ ಮಾಡಿದರು. ಮಾನ ಕಳೆದರೆ ವಿಶ್ವಾಸವನ್ನೂ ಬಿಟ್ಟಾನೆಂದು ಅವರ ಎಣಿಕೆ. ಅವರು ಬಿಡಲಿಲ್ಲ. 1752ರ ಜನವರಿ 14ರಂದು ಆರಲ್ವಾಯ್‌ಮೊಳಿಯ ಕಾಡಿನಲ್ಲಿ ಗುಂಡೇಟಿಗೆ ಪ್ರಾಣಕೊಟ್ಟರು. 2022ರ ಮೇ 15ರಂದು ಅಂದಿನ ವಿಶ್ವಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು.

ನಮ್ಮನ್ನು ಯಾರೂ ಕೋಣದ ಮೇಲೆ ಕೂರಿಸಿಲ್ಲ. ಆದರೂ ಸಹೋದ್ಯೋಗಿಗಳೊಡನೆ ಊಟಕ್ಕೆ ಕುಳಿತಾಗ ಶಿಲುಬೆಯ ಗುರುತು ಹಾಕಲು ನಮ್ಮ ಕೈ ಏಳುವುದಿಲ್ಲ. ಮನೆಗೆ ಸಾಲ, ಕಾಯಿಲೆ ಬಂದಾಗ “ಇಷ್ಟು ಪ್ರಾರ್ಥಿಸಿ ಏನು ಸಿಕ್ಕಿತು?” ಎಂದು ಯಾರಾದರೂ ಕೇಳಿದರೆ ಮೌನವಾಗುತ್ತೇವೆ. ಸಿಕ್ಕಿದ್ದು ಇಷ್ಟೇ: ಕಷ್ಟದಲ್ಲೂ ಕೈಬಿಡದ ಯೇಸುಸ್ವಾಮಿ. ಇದನ್ನು ದ್ವೇಷವಿಲ್ಲದೆ, ಸಂಕೋಚವಿಲ್ಲದೆ ಹೇಳೋಣ. ಈ ಹಬ್ಬದ ಸಂಜೆ ಮನೆಮಂದಿಯೆಲ್ಲ ಕೂಡಿ ಜಪಸರ ಹಿಡಿಯೋಣ. ನಾಳೆ ಊಟದ ಮೇಜಿನ ಮುಂದೆ ಧೈರ್ಯವಾಗಿ ಕೈ ಎತ್ತೋಣ.

ಸಂತ ದೇವಸಹಾಯಂ, ನಮಗಾಗಿ ಪ್ರಾರ್ಥಿಸಿರಿ.