ಹಳೇ ಪಂಪು ಹಟ ಹಿಡಿದರೆ…

ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರದ ಮೇಲೆ ಹರಿಯುವ ಮಲಪ್ರಭೆಯ ದಂಡೆಯಲ್ಲಿ ನಿಮ್ಮ ತೋಟವಿದೆಯೇ? ಮನೆಯವರು ಬೆಳಗಾವಿಯಿಂದ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಪಂಪು ತಂದಿದ್ದಾರೆಯೇ? ಅದು ಹಟ ಹಿಡಿದು ಕೂತರೆ ಮೆಕ್ಯಾನಿಕ್‌ಗೆ ಹೇಳಿಕಳಿಸುವ ಮುನ್ನ ನೀವೇ ಒಮ್ಮೆ ನೋಡಿ. ಒಲೆಗೆ ಸೌದೆ, ಕಿಡಿ, ಗಾಳಿ ಮೂರೂ ಬೇಕಲ್ಲವೇ? ಇಂಜಿನ್ನಿಗೂ ಅಷ್ಟೇ!

ಇಂಜಿನ್ ತಣ್ಣಗಿರಲಿ, ಹತ್ತಿರ ಬೆಂಕಿ ಬೇಡ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಂಟಾಗಿ ಕಾರ್ಬುರೇಟರಿನ ಸಣ್ಣ ತೂತು ಮುಚ್ಚುತ್ತದೆ. ಅದನ್ನು ಬಸಿದು ಹೊಸದು ಹಾಕಿ. ಹಗ್ಗ ನಾಲ್ಕಾರು ಸಲ ಎಳೆದು ಸ್ಪಾರ್ಕ್ ಪ್ಲಗ್ ಬಿಚ್ಚಿ. ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಇಲ್ಲವೇ ಕಿಡಿ ಹಾರುತ್ತಿಲ್ಲ. ಒರೆಸಿ, ಮಸಿ ತಿಕ್ಕಿ ತೆಗೆಯಿರಿ. ಗಾಳಿ ಫಿಲ್ಟರಿನ ಧೂಳು ಕೊಡವಿ. ಚಾಲೂ ಮಾಡುವ ಮೊದಲು ಪಂಪಿಗೆ ನೀರು ತುಂಬಿಸುವುದನ್ನು ಮರೆಯಬೇಡಿ. ಒಣಗಿ ತಿರುಗಿದರೆ ಸೀಲು ಸುಟ್ಟೀತು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಪಂಪನ್ನು ಬಾವಿಯೊಳಗೆ ಇಳಿಸಿಯೋ, ಮುಚ್ಚಿದ ಕೋಣೆಯಲ್ಲೋ ಎಂದಿಗೂ ಚಾಲೂ ಮಾಡಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ತಿರುಗಿತೆನ್ನುವಷ್ಟರಲ್ಲಿ ಕೈಕಾಲು ಸೋಲುತ್ತವೆ. ಒಳಗೆ ಬಿದ್ದವರನ್ನು ಎತ್ತಲು ಇಳಿದವರೂ ಬೀಳುತ್ತಾರೆ. ಹಾಗಾದರೆ ಯಾರನ್ನೂ ಇಳಿಯಗೊಡಬೇಡಿ. 112ಕ್ಕೆ ಫೋನ್ ಮಾಡಿ. ಪಂಪು ಕೆಟ್ಟರೆ ಇನ್ನೊಂದು ತರಬಹುದು, ಮನೆಯ ಜೀವ ತರಲಾದೀತೇ?