‘ಪಿಎಚ್‌ಸಿಗೆ ಹೋದ್ರೆ ಬರೀ ಪ್ಯಾರಾಸಿಟಮಾಲ್’: ಈ ಫಾರ್ವರ್ಡ್‌ನಲ್ಲಿ ಎಷ್ಟು ನಿಜ ಇದೆ?

ತಲೆನೋವಿಗೂ ಅದೇ, ಕಾಲುನೋವಿಗೂ ಅದೇ, ಹಾವು ಕಚ್ಚಿದರೂ ಅದೇ ಬಿಳಿ ಮಾತ್ರೆ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ಬಗ್ಗೆ ಓಡಾಡುವ ಈ ಜೋಕು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ನಮಗೂ ಬಂತು, ನಾವೂ ನಕ್ಕೆವು. ಆದರೆ ಅದರ ಕೆಳಗೆ ಯಾರೋ ಸೇರಿಸಿದ್ದ ಸಾಲು ಓದಿದ ಮೇಲೆ ನಗು ನಿಂತಿತು: ‘ಎಮರ್ಜೆನ್ಸಿ ಇದ್ದರೆ ಅಲ್ಲಿ ಟೈಮ್ ವೇಸ್ಟ್ ಮಾಡಬೇಡಿ, ಸೀದಾ ಸಿಟಿಗೆ ಹೋಗಿ.’ ಜೋಕಿನಿಂದ ಯಾರಿಗೂ ತೊಂದರೆ ಇಲ್ಲ. ಈ ಸಲಹೆಯಿಂದ ಜೀವ ಹೋಗಬಹುದು.

ಮೊದಲು ಈ ಕೇಂದ್ರಗಳು ಏನು ಅಂತ ನೋಡೋಣ. 1946ರಲ್ಲಿ ಭೋರ್ ಸಮಿತಿ ಕೊಟ್ಟ ವರದಿಯಿಂದ ಬೆಳೆದ ವ್ಯವಸ್ಥೆ ಇದು. ಡಾಕ್ಟರ್ ಸಿಗದ ಕಡೆ ಇರುವ ಜನರಿಗೆ ಹತ್ತಿರದಲ್ಲೇ ಚಿಕಿತ್ಸೆ ಸಿಗಬೇಕು ಅನ್ನೋದು ಅದರ ಲೆಕ್ಕಾಚಾರ. ಬಯಲು ಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನರಿಗೆ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕು. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ ಇನ್ನೂ ಕಡಿಮೆ ಜನಕ್ಕೊಂದು: 3,000, 20,000 ಮತ್ತು 80,000. ಸಮುದಾಯ ಕೇಂದ್ರದಲ್ಲಿ 30 ಹಾಸಿಗೆ, ತಜ್ಞ ವೈದ್ಯರು ಇರಬೇಕು ಅಂತ ನಿಯಮ. ಪಿಎಚ್‌ಸಿಯಲ್ಲಿ ಇರೋದು ಸಾಮಾನ್ಯವಾಗಿ ಒಬ್ಬ ಡಾಕ್ಟರ್, ನಾಲ್ಕಾರು ಹಾಸಿಗೆ ಅಷ್ಟೇ. ಹಾಗಾಗಿ ಅದನ್ನು ಸಿಟಿ ಆಸ್ಪತ್ರೆಯ ಪಕ್ಕ ಇಟ್ಟು ನೋಡಿದರೆ ಸಪ್ಪೆಯಾಗಿ ಕಾಣೋದು ಸಹಜ. ಆದರೆ ಕೆಲವು ಕಾಯಿಲೆಗಳಲ್ಲಿ ಆಸ್ಪತ್ರೆ ಎಷ್ಟು ದೊಡ್ಡದು ಅನ್ನೋದಕ್ಕಿಂತ ಎಷ್ಟು ಹತ್ತಿರ ಇದೆ ಅನ್ನೋದೇ ಮುಖ್ಯ.

ಹಾವು ಕಚ್ಚಿದಾಗ

ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿತದಿಂದ ಸತ್ತಿದ್ದಾರೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು, ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿತು.

‘ಯಾವ ಹಾವು ಅಂತ ಗೊತ್ತಾಗದೆ ಔಷಧಿ ಕೊಡಲ್ಲ, ಹಾವನ್ನು ಹಿಡಿದುಕೊಂಡು ಹೋಗಿ’ ಅನ್ನೋ ಫಾರ್ವರ್ಡ್ ಕೂಡ ಇದೆ. ಇದು ತಪ್ಪು. ನಮ್ಮಲ್ಲಿ ಬಳಸುವ ವಿಷನಿರೋಧಕ ಔಷಧಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ರಕ್ತ ಕೆಡಿಸುವ ವಿಷ ಏರಿದೆಯಾ ಅಂತ ನೋಡೋದಕ್ಕೆ ದೊಡ್ಡ ಲ್ಯಾಬೂ ಬೇಡ. ರೋಗಿಯ 2 ಎಂಎಲ್ ರಕ್ತವನ್ನು ಒಣಗಿದ, ಸ್ವಚ್ಛ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡುತ್ತಾರೆ. ಆಮೇಲೆ ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ವಿಷ ಕೆಲಸ ಶುರು ಮಾಡಿದೆ ಎಂದರ್ಥ. ನಾಗರಹಾವು, ಕಟ್ಟುಹಾವಿನ ವಿಷ ನರಗಳಿಗೆ ತಾಗುತ್ತದೆ; ಅದಕ್ಕೆ ರೆಪ್ಪೆ ಜೋಲುತ್ತಿದೆಯಾ, ಮಾತು ತೊದಲುತ್ತಿದೆಯಾ, ಉಸಿರಾಟ ಹೇಗಿದೆ ಅಂತ ನೋಡುತ್ತಾರೆ. ಇದೆಲ್ಲ ಪಿಎಚ್‌ಸಿಯಲ್ಲೇ ಆಗುವ ಕೆಲಸ. ವಿಷದ ಲಕ್ಷಣ ಕಂಡರೆ ಅಲ್ಲೇ ಔಷಧಿ ಶುರು ಮಾಡಿ, ಬೇಕಿದ್ದರೆ ಆಂಬುಲೆನ್ಸ್‌ನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಬಹುದು. ಔಷಧಿ ದೇಹ ಸೇರಿ ಹೋಗೋದಕ್ಕೂ, ಏನೂ ಇಲ್ಲದೆ ಬಾಡಿಗೆ ಕಾರಿನಲ್ಲಿ 60 ಕಿಲೋಮೀಟರ್ ಹೋಗೋದಕ್ಕೂ ಇರುವ ವ್ಯತ್ಯಾಸ ನಾವು ಬಿಡಿಸಿ ಹೇಳಬೇಕಿಲ್ಲ.

ದಾರಿಯಲ್ಲಿ ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಮೂಳೆ ಮುರಿದಾಗ ಕಟ್ಟುವ ಹಾಗೆ ಕಚ್ಚಿದ ಕೈ ಅಥವಾ ಕಾಲು ಅಲ್ಲಾಡದಂತೆ ಇಡಿ, ನಡೆಸಬೇಡಿ. ಇನ್ನೊಂದು ವಿಷಯ: ಕಟ್ಟುಹಾವು ಕಚ್ಚಿದರೆ ಕೆಲವೊಮ್ಮೆ ನೋವೂ ಇರಲ್ಲ, ಗುರುತೂ ಕಾಣಲ್ಲ. ನೆಲದ ಮೇಲೆ ಮಲಗಿದ್ದವರು ರಾತ್ರಿ ಎದ್ದು ಹೊಟ್ಟೆನೋವು ಅಂದು, ಆಮೇಲೆ ರೆಪ್ಪೆ ಎತ್ತಲಾಗದೆ ಇದ್ದರೆ ಗ್ಯಾಸ್ಟ್ರಿಕ್ ಅಂತ ಸುಮ್ಮನಿರಬೇಡಿ.

ನಾಯಿ ಕಚ್ಚಿದರೂ ಅಷ್ಟೇ. 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಪಿಎಚ್‌ಸಿಗೆ ಹೋಗಿ. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅನ್ನೋದು ಹಳೇ ಕಥೆ. ಆ ಲಸಿಕೆ ನಿಂತು 20 ವರ್ಷವಾಯಿತು.

ಅಗ್ಗದ ಮಾತ್ರೆ ಕೆಲಸ ಮಾಡಲ್ವಾ?

ಜೋಕಿನ ಒಳಗಿರುವ ನಿಜವಾದ ಅನುಮಾನ ಇದು. ದುಡ್ಡು ಕೊಡದೆ ಸಿಗುವ ಮಾತ್ರೆ ದಂಡ ಅನ್ನೋ ನಂಬಿಕೆ. ಇದಕ್ಕೆ ಒಳ್ಳೆಯ ಉತ್ತರ ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿದೆ.

ಮೂರ್ಛೆ ರೋಗಕ್ಕೆ ದೆವ್ವ, ಶಾಪ ಅಂತ ಹೆಸರಿಟ್ಟು, ಕೈಗೆ ಬೀಗದ ಕೀ ಕೊಡುವ ಅಭ್ಯಾಸ ನಮ್ಮಲ್ಲಿ ಇವತ್ತಿಗೂ ಇದೆ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ, ಹೆಸರು ಮಾತ್ರ ಕೀಗೆ ಬರುತ್ತದೆ. (5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.) ದಕ್ಷಿಣ ಕರ್ನಾಟಕದಲ್ಲಿ ತಲೆಗೆ ಬಿಸಿನೀರು ಸುರಿದುಕೊಂಡಾಗ ಬರುವ ಮೂರ್ಛೆಯೂ ಬೇರೆಡೆಗಿಂತ ಹೆಚ್ಚು ಕಾಣುತ್ತದೆ. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ತಂಡದವರು ಯಳಂದೂರು ಭಾಗದ ಹಳ್ಳಿಗಳಲ್ಲಿ ಮೂರ್ಛೆ ರೋಗಿಗಳಿಗೆ ಫೀನೊಬಾರ್ಬಿಟಾಲ್ ಅಥವಾ ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆ ಕೊಟ್ಟು ವರ್ಷಗಟ್ಟಲೆ ಗಮನಿಸಿದರು. 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು: ಈ ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯಲ್ಲಿ ಮೂರ್ಛೆಯನ್ನು ಹತೋಟಿಗೆ ತರಬಹುದು. ಊರ ಹತ್ತಿರವೇ ಸಿಗುವ, ತಪ್ಪದೆ ನುಂಗುವ ಮಾತ್ರೆ ಬೇಕಿತ್ತು, ಅಷ್ಟೇ. ಇದೇ ತಾಲ್ಲೂಕಿನ ಗುಂಬಳ್ಳಿ ಪಿಎಚ್‌ಸಿಯನ್ನು 1996ರಲ್ಲಿ ಕರುಣಾ ಟ್ರಸ್ಟ್ ಸರ್ಕಾರದಿಂದ ನಡೆಸಲು ವಹಿಸಿಕೊಂಡಿತು.

ಬಿಪಿ, ಶುಗರ್ ಕಥೆಯೂ ಇದೇ. 30 ದಾಟಿದವರಿಗೆ ಈ ಕೇಂದ್ರಗಳಲ್ಲಿ ತಪಾಸಣೆ ಉಚಿತ, ಮಾತ್ರೆಯೂ ಉಚಿತ. ನಮ್ಮ ತಂಡದ ಒಬ್ಬರ ಅಜ್ಜಿ ಪಟ್ಟಣದ ಖಾಸಗಿ ಡಾಕ್ಟರ್ ಬರೆದ ಬಿಪಿ ಮಾತ್ರೆಯನ್ನು ದುಡ್ಡು ಇದ್ದಾಗ ತರಿಸಿ, ಇಲ್ಲದಾಗ ಬಿಡುತ್ತಿದ್ದರು. ಚೀಟಿ ತೋರಿಸಿ ಕೇಳಿದಾಗ ಗೊತ್ತಾಯಿತು, ಅದೇ ಅಮ್ಲೋಡಿಪಿನ್ ಊರ ಪಿಎಚ್‌ಸಿಯಲ್ಲೂ ಇದೆ. ಪೆಟ್ಟಿಗೆ ಬೇರೆ, ಒಳಗಿರೋದು ಅದೇ.

ಹಾಗಾದರೆ ಜೋಕು ಪೂರ್ತಿ ಸುಳ್ಳಾ?

ಅಲ್ಲ. ಡಾಕ್ಟರ್ ಹುದ್ದೆ ಖಾಲಿ ಇರುವ ಕೇಂದ್ರಗಳಿವೆ. ಎಷ್ಟೋ ಕಡೆ ಸಂಜೆಯಾದರೆ ಬಾಗಿಲು ಹಾಕುತ್ತಾರೆ. ಔಷಧಿ ಮುಗಿದಿರುತ್ತದೆ. ವಿಷನಿರೋಧಕ ಔಷಧಿಗೆ ಕೆಲವರಲ್ಲಿ ತೀವ್ರ ಅಲರ್ಜಿ ಆಗುವುದರಿಂದ, ಅದಕ್ಕೆ ಅಡ್ರಿನಲಿನ್ ಸಿದ್ಧವಿಟ್ಟುಕೊಳ್ಳಬೇಕು. ಆ ಭಯಕ್ಕೆ ಒಂದು ಡೋಸೂ ಕೊಡದೆ ಮುಂದಕ್ಕೆ ಕಳಿಸುವವರೂ ಇದ್ದಾರೆ. ಎದೆನೋವು, ದೊಡ್ಡ ಅಪಘಾತ ಅಂದರೆ 108 ಕರೆದು ದೊಡ್ಡ ಆಸ್ಪತ್ರೆಗೇ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ಜನ ಸಿಟ್ಟಾಗಿರೋದಕ್ಕೆ ಕಾರಣ ಇದೆ. ಆದರೆ ‘ನಮ್ಮೂರ ಕೇಂದ್ರದಲ್ಲಿ ಇಂಥದ್ದು ಇಲ್ಲ’ ಅನ್ನೋದು ದೂರು, ಅದನ್ನು ತಾಲ್ಲೂಕು ಆರೋಗ್ಯಾಧಿಕಾರಿಗೆ ಬರೆದು ಕೊಡಬಹುದು. ‘ಯಾವ ಪಿಎಚ್‌ಸಿಗೂ ಹೋಗಬೇಡಿ’ ಅನ್ನೋದನ್ನು ಏನು ಮಾಡೋದು?

ನಿಮ್ಮೂರಿನಲ್ಲಿ ಏನಿದೆ ಅಂತ ತಿಳಿಯೋದು ಕಷ್ಟವಲ್ಲ, ಕಚ್ಚಿಸಿಕೊಳ್ಳುವ ಮೊದಲೇ ಕೇಳಬೇಕು ಅಷ್ಟೇ. ನಮ್ಮ ತಂಡದವರೊಬ್ಬರು ತಮ್ಮೂರ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, ‘ಅಕ್ಕ, ಹಾವಿನ ಔಷಧಿ ಇದೆಯಾ?’ ಅಂತ ಕೇಳಿದರು. ‘ಇದೆ ಕಣಪ್ಪ. ಆದ್ರೆ ರಾತ್ರಿ ಡಾಕ್ಟ್ರು ಇರಲ್ಲ. ಕತ್ತಲಾದ ಮೇಲೆ ಆದ್ರೆ ತಾಲ್ಲೂಕು ಆಸ್ಪತ್ರೆಗೇ ಹೋಗಿ, ಹೊರಡೋಕೆ ಮುಂಚೆ ನಂಗೊಂದು ಫೋನ್ ಮಾಡಿ’ ಅಂದರು. ಆ ಉತ್ತರವೂ ಅವರ ನಂಬರೂ ಈಗ ಊರಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಪಿನ್ ಆಗಿದೆ.