ಸಿಹಿಸಮುದ್ರದ ನಡುವೆ ಎರಡು ಬೆಟ್ಟ

ಮಧ್ಯ ಅಮೆರಿಕದ ನಿಕರಾಗುವಾ ದೇಶದ ದಕ್ಷಿಣ ಭಾಗದಲ್ಲಿ, ಒಂದು ಕಡೆಯಿಂದ ಪೆಸಿಫಿಕ್ ಮಹಾಸಾಗರವೂ ಇನ್ನೊಂದು ಕಡೆಯಿಂದ ಸಮುದ್ರಸದೃಶವಾದ ಸಿಹಿನೀರಿನ ಸರೋವರವೂ ಒತ್ತಿಕೊಂಡು ಬಂದು, ನಡುವೆ ಸುಮಾರು 20 ಕಿಲೋಮೀಟರ್ ಅಗಲದ ನೆಲವನ್ನಷ್ಟೇ ಉಳಿಸಿರುವ ಎಡೆಯಲ್ಲಿ ರಿವಾಸ್ ಎಂಬ ಪಟ್ಟಣವುಂಟು. ಅದರ ಸಂತೆಗೆ ಅಂಟಿಕೊಂಡ ಬಸ್ಸುನಿಲ್ದಾಣದಲ್ಲಿ, ಬೆನ್ನಿಗೊಂದು ಚೀಲ ಬಿಗಿದು, ಕೈಯಲ್ಲಿ ಅಲ್ಪ ಹಣವಿಟ್ಟುಕೊಂಡು ದೇಶ ನೋಡಲು ಹೊರಟ ತರುಣ ತರುಣಿಯರು ಇಳಿಯುತ್ತಾರೆ. ಪಶ್ಚಿಮದ ಬಸ್ಸನ್ನು ಹಿಡಿದವರು ಸಾನ್ ಹುವಾನ್ ದೆಲ್ ಸುರ್ ಎಂಬ ಕಡಲೂರನ್ನೂ, ಪೂರ್ವದ ದಾರಿ ಹಿಡಿದವರು ಸಾನ್ ಹೋರ್ಹೆಯ ದೋಣಿಕಟ್ಟೆಯಿಂದ ಒಮೆಟೆಪೆ ಎಂಬ ಅಗ್ನಿಪರ್ವತಗಳ ದ್ವೀಪವನ್ನೂ ಸೇರುತ್ತಾರೆ. ಒಂದು ಈಜಿಗೆ, ಇನ್ನೊಂದು ಬೆಟ್ಟ ಹತ್ತುವುದಕ್ಕೆ ಎಂದು ಎಣಿಸಿ, ಎರಡನ್ನೂ ಎರಡೆರಡು ದಿನದಲ್ಲಿ ಮುಗಿಸಿ ಮುಂದಿನ ಗಡಿಯತ್ತ ಸಾಗುವವರೇ ಹೆಚ್ಚು. ಆದರೆ ಆ ಕಡಲತೀರವೂ ಈ ದ್ವೀಪವೂ ಒಂದೇ ಬಸಿರಿನಲ್ಲಿ ಹುಟ್ಟಿದ ಒಡಹುಟ್ಟುಗಳೆಂಬುದೂ, ಒಂದನ್ನು ಬಿಟ್ಟು ಇನ್ನೊಂದು ಅರ್ಥವಾಗದೆಂಬುದೂ, ಅವಸರವಿಲ್ಲದೆ ನಡೆಯುವವನಿಗೆ ಮಾತ್ರ ತಿಳಿಯುವ ಸಂಗತಿ ಎಂದು ನನ್ನ ದೃಢವಾದ ನಂಬಿಕೆ.

ಅವಸರವಿಲ್ಲದ ನಡೆಗೆ ಆ ದೇಶದ ಬಸ್ಸುಗಳೇ ಮೊದಲ ಗುರು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಶಾಲೆಯ ಮಕ್ಕಳನ್ನು ಹೊತ್ತು ಸವೆದು, ಅಲ್ಲಿ ನಿವೃತ್ತಿಯನ್ನು ಪಡೆದ ಮೇಲೆ ದಕ್ಷಿಣಕ್ಕೆ ಬಂದು ಎರಡನೆಯ ಜನ್ಮವೆತ್ತಿದ ಗಾಡಿಗಳು ಅವುಗಳಲ್ಲಿ ಬಹಳ. ಆಸನಗಳು ಮಕ್ಕಳ ಅಳತೆಯವಾದುದರಿಂದ ಬೆಳೆದವರ ಮೊಣಕಾಲು ಮುಂದಿನ ಆಸನದ ಬೆನ್ನಿಗೆ ಒತ್ತುತ್ತದೆ. ಚಾವಣಿಯ ಮೇಲೆ ಬಾಳೆಗೊನೆ, ಅಕ್ಕಿಮೂಟೆ, ಪ್ರವಾಸಿಗರ ಚೀಲ ಎಲ್ಲಕ್ಕೂ ಒಂದೇ ಹಗ್ಗ. ನಿಂತ ನಿಂತ ಕಡೆಯಲ್ಲೆಲ್ಲ ಹೆಂಗಸರು ಬುಟ್ಟಿ ಹೊತ್ತು ಹತ್ತಿ, ಕರಿದ ಬಾಳೆಕಾಯನ್ನೂ, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿದ ಹಣ್ಣಿನ ಪಾನಕವನ್ನೂ ಮಾರುತ್ತ ಇನ್ನೊಂದು ಬಾಗಿಲಿನಿಂದ ಇಳಿದುಹೋಗುತ್ತಾರೆ. ಚೀಲದ ಮೂಲೆಯನ್ನು ಹಲ್ಲಿನಿಂದ ಕಚ್ಚಿ ತೂತು ಮಾಡಿ ಪಾನಕವನ್ನು ಹೀರುವ ವಿದ್ಯೆಯನ್ನು ಪಕ್ಕದ ಹುಡುಗನನ್ನು ನೋಡಿ ಕಲಿಯಬೇಕು.

ಸಾನ್ ಹುವಾನ್ ದೆಲ್ ಸುರ್ ಕುದುರೆಯ ಲಾಳದಂತೆ ಬಾಗಿದ ಒಂದು ಕೊಲ್ಲಿಯ ದಡದಲ್ಲಿರುವ ಚಿಕ್ಕ ಊರು. ಹೊರನಾಡಿನ ಪಯಣಿಗರು ಇಲ್ಲಿಗೆ ಬರತೊಡಗಿದ್ದು ಈಚಿನ ಮಾತಲ್ಲ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಹಬ್ಬಿದ ಕಾಲದಲ್ಲಿ, ಅಮೆರಿಕ ಖಂಡವನ್ನು ಗಾಡಿಯಲ್ಲಿ ದಾಟುವ ಕಷ್ಟಕ್ಕೆ ಅಂಜಿದವರಿಗಾಗಿ ಕಾರ್ನೀಲಿಯಸ್ ವ್ಯಾಂಡರ್‌ಬಿಲ್ಟ್ ಎಂಬ ಹಡಗಿನ ಉದ್ಯಮಿ 1851ರಲ್ಲಿ ಒಂದು ಹೊಸ ದಾರಿಯನ್ನು ತೆರೆದ: ನ್ಯೂಯಾರ್ಕಿನಿಂದ ಹಡಗಿನಲ್ಲಿ ಕೆರೀಬಿಯನ್ ತೀರಕ್ಕೆ, ಅಲ್ಲಿಂದ ಸಾನ್ ಹುವಾನ್ ನದಿಯಲ್ಲಿ ಮೇಲಕ್ಕೆ, ಉಗಿದೋಣಿಯಲ್ಲಿ ಸರೋವರವನ್ನು ದಾಟಿ ಈಚೆ ದಡಕ್ಕೆ, ಕೊನೆಗೆ ಸುಮಾರು 19 ಕಿಲೋಮೀಟರ್ ನೆಲದ ದಾರಿಯನ್ನು ಕ್ರಮಿಸಿ ಈ ಕೊಲ್ಲಿಗೆ. ಇಲ್ಲಿ ಇನ್ನೊಂದು ಹಡಗು ಸಾನ್ ಫ್ರಾನ್ಸಿಸ್ಕೋಗೆ ಕಾದಿರುತ್ತಿತ್ತು. ಅದೇ ದಾರಿಯನ್ನು ತಿರುಗಿಸಿ ಹಿಡಿದು 1866ರ ಕೊನೆಯಲ್ಲಿ ಮಾರ್ಕ್ ಟ್ವೈನ್ ಇಲ್ಲಿಳಿದು ಸರೋವರದ ಕಡೆಗೆ ಸಾಗಿದ. ಇಂದಿನ ತರುಣನು ಬಸ್ಸಿನಲ್ಲಿ ದಾಟುವ ನೆಲವೂ ಬಹುಮಟ್ಟಿಗೆ ಅದೇ.

ಈಗ ಬರುವವರನ್ನು ಸೆಳೆಯುವುದು ಅಲೆಯ ಸವಾರಿ, ಅಂದರೆ ಸರ್ಫಿಂಗ್. ಊರಿನ ಕೊಲ್ಲಿಯೊಳಗೆ ಅಲೆ ಮೃದು. ಉತ್ತರದ ಪ್ಲಾಯಾ ಮಡೆರಾಸ್, ದಕ್ಷಿಣದ ರೆಮಾನ್ಸೊ, ಹೆರ್ಮೋಸಾ ಮೊದಲಾದ ತೀರಗಳಲ್ಲಿ ಅದು ಎತ್ತರವಾಗಿಯೂ ನೇರವಾಗಿಯೂ ಏಳುತ್ತದೆ. ಹೀಗೆ ನೇರವಾಗಿ ಏಳುವುದೇಕೆ ಎಂದು ಕೇಳಿದರೆ ಉತ್ತರ ಬೆನ್ನ ಹಿಂದಿನ ಸರೋವರದಲ್ಲಿದೆ. ಕೆರೀಬಿಯನ್ ಕಡೆಯಿಂದ ಬೀಸಿಬರುವ ವಾಣಿಜ್ಯಮಾರುತಗಳನ್ನು ಮಧ್ಯ ಅಮೆರಿಕದ ಪರ್ವತಶ್ರೇಣಿಗಳು ಬೇರೆಡೆಯಲ್ಲಿ ತಡೆದು ನಿಲ್ಲಿಸಿದರೆ, ಸರೋವರವು ಮಲಗಿರುವ ತಗ್ಗಿನಲ್ಲಿ ಅವಕ್ಕೆ ಅಡ್ಡಿಯಿಲ್ಲ. ಆ ಹೆಬ್ಬಾಗಿಲಿನಿಂದ ನುಗ್ಗಿದ ಗಾಳಿ ನೆಲವನ್ನು ದಾಟಿ, ದಡದಿಂದ ಕಡಲಿನ ಕಡೆಗೆ ಬೀಸುತ್ತದೆ. ಮುರಿಯಲಿರುವ ಅಲೆಯನ್ನು ಎದೆಗೊಟ್ಟು ತಡೆಹಿಡಿದು, ಅದರ ಮೈಯನ್ನು ನುಣುಪಾಗಿಸಿ, ತಲೆಯ ನೊರೆಯನ್ನು ಹಿಂದಕ್ಕೆ ಹಾರಿಸುವುದು ಈ ಗಾಳಿಯೇ. ಪಾಪಗಾಯೊ ಎಂದು ಅದರ ಹೆಸರು. ನವೆಂಬರಿನಿಂದ ಮಾರ್ಚಿನವರೆಗೆ ಅದರ ಬಲ ಹೆಚ್ಚು.

ಆ ತಗ್ಗಾದರೂ ಹೇಗಾಯಿತು? ಕೋಕೋಸ್ ಎಂದು ಹೆಸರಿಟ್ಟಿರುವ ಸಾಗರತಳದ ಮಹಾಫಲಕವೊಂದು ವರ್ಷಕ್ಕೆ 7–8 ಸೆಂಟಿಮೀಟರ್ ವೇಗದಲ್ಲಿ ಕೆರೀಬಿಯನ್ ಫಲಕದ ಅಡಿಗೆ ನುಸುಳುತ್ತಿದೆ. ಆಳಕ್ಕೆ ಇಳಿದಂತೆಲ್ಲ ಅದರಲ್ಲಿ ಸೇರಿಕೊಂಡಿದ್ದ ನೀರು ಬಿಡುಗಡೆಯಾಗಿ ಮೇಲಿನ ಬಿಸಿ ಶಿಲೆಯೊಳಗೆ ಹೊಕ್ಕು, ಶಿಲೆಯು ಕರಗಬೇಕಾದ ಉಷ್ಣತೆಯನ್ನೇ ತಗ್ಗಿಸುತ್ತದೆ. ಕರಗಿದ ಶಿಲೆ ಮೇಲೇರಿ ಬೆಂಕಿಬೆಟ್ಟಗಳ ಸಾಲಾಗುತ್ತದೆ. ಆ ಸಾಲಿನ ಉದ್ದಕ್ಕೂ ನೆಲ ಕುಸಿದು ಉಂಟಾದ ತಗ್ಗಿನಲ್ಲಿ ಸರೋವರಗಳು ನಿಂತಿವೆ. ಬೆಟ್ಟ, ಸರೋವರ, ಗಾಳಿಯ ಹೆಬ್ಬಾಗಿಲು, ಅಲೆಯ ನುಣುಪು ಎಲ್ಲಕ್ಕೂ ಮೂಲ ಈ ಒಂದು ನುಸುಳುವಿಕೆ.

ಇದೇ ನುಸುಳುವಿಕೆ 1992ರ ಸೆಪ್ಟೆಂಬರ್ 1ರ ಸಂಜೆ ಊರಿಗೆ ಇನ್ನೊಂದು ಮುಖವನ್ನು ತೋರಿಸಿತು. ಕಡಲಡಿಯಲ್ಲಿ ಫಲಕ ಜಾರಿತು. ಆದರೆ ಬಲು ನಿಧಾನವಾಗಿ ಜಾರಿದ ಕಾರಣ ದಡದಲ್ಲಿದ್ದವರಿಗೆ ನೆಲ ನಡುಗಿದ್ದು ಅಷ್ಟಾಗಿ ತಿಳಿಯಲಿಲ್ಲ, ಹಲವರಿಗೆ ತಿಳಿಯಲೇ ಇಲ್ಲ. ಮುಕ್ಕಾಲು ಗಂಟೆ, ಒಂದು ಗಂಟೆಯ ತರುವಾಯ ಕತ್ತಲಲ್ಲಿ ಕಡಲು ಎದ್ದು ಬಂತು. ದೇಶದ ಪೆಸಿಫಿಕ್ ತೀರದುದ್ದಕ್ಕೂ 100ಕ್ಕೂ ಮೀರಿದ ಜನ ಸತ್ತರು. ಸತ್ತವರಲ್ಲಿ ನಿದ್ದೆಹೋಗಿದ್ದ ಮಕ್ಕಳು ಅನೇಕ. ಕಂಪನ ಕಿರಿದಾಗಿಯೂ ತೆರೆ ಹಿರಿದಾಗಿಯೂ ಬರುವ ಇಂಥ ಭೂಕಂಪಗಳನ್ನು ಹಿರೂ ಕನಮೋರಿ ಎಂಬ ವಿಜ್ಞಾನಿ 1972ರಲ್ಲಿಯೇ ಬೇರೆ ವರ್ಗವೆಂದು ಗುರುತಿಸಿ ಹೆಸರಿಟ್ಟಿದ್ದರು. ಇಂದು ಆ ಮರಳಿನ ಮೇಲೆ ಜೋಲಿ ಕಟ್ಟಿಕೊಂಡು ಮಲಗುವವನಿಗೆ ಈ ಸಂಗತಿ ತಿಳಿದಿರಬೇಕು. ಭಯಕ್ಕಾಗಿ ಅಲ್ಲ, ಕಡಲು ತನಗೆ ತಾನೇ ಹಿಂಜರಿದುದನ್ನು ಕಂಡರೆ ಗುಡ್ಡದ ಕಡೆಗೆ ಓಡಬೇಕೆಂಬ ಅರಿವಿಗಾಗಿ.

ಊರಿನ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ಲಾ ಫ್ಲೋರ್ ಎಂಬ ತೀರವಿದೆ. ಜುಲೈಯಿಂದ ಡಿಸೆಂಬರಿನವರೆಗೆ ಕೆಲವು ರಾತ್ರಿಗಳಲ್ಲಿ ಇಲ್ಲಿಗೆ ಆಲಿವ್ ರಿಡ್ಲಿ ಜಾತಿಯ ಕಡಲಾಮೆಗಳು ಸಾವಿರಗಟ್ಟಲೆ ಒಟ್ಟಿಗೆ ಬಂದು ಮೊಟ್ಟೆಯಿಡುತ್ತವೆ. ಈ ಸಾಮೂಹಿಕ ಆಗಮನಕ್ಕೆ ಅಲ್ಲಿಯವರು ಅರ್ರಿಬಾದಾ ಎನ್ನುತ್ತಾರೆ. ಕೆಂಪು ದೀಪದ ಮಂದ ಬೆಳಕಿನಲ್ಲಿ ಒಂದೇ ಒಂದು ಆಮೆಯ ಹಿಂದೆ ಮೌನವಾಗಿ ಕುಳಿತು ನೋಡಬೇಕು. ಹಿಂಗಾಲಿನ ಈಜುರೆಕ್ಕೆಯೊಂದನ್ನು ಅದು ಬೊಗಸೆಯಂತೆ ಮಡಿಸಿ ಗುಂಡಿಗೆ ಇಳಿಸುತ್ತದೆ, ಹಿಡಿ ಮರಳನ್ನೆತ್ತಿ ಪಕ್ಕಕ್ಕೆ ಇಡುತ್ತದೆ, ಆಮೇಲೆ ಇನ್ನೊಂದು ರೆಕ್ಕೆಯ ಸರದಿ. ತಾನು ತೋಡುತ್ತಿರುವುದನ್ನು ಅದು ಕಾಣಲಾರದು. ಆದರೂ ಗುಂಡಿ ಗಡಿಗೆಯಂತೆ ಬಾಯಿ ಕಿರಿದಾಗಿ, ಒಡಲು ದುಂಡಾಗಿ ಒದಗುತ್ತದೆ. ಬಿಳಿಯ, ಮೆತ್ತನೆಯ ಮೊಟ್ಟೆಗಳು ನೂರರಷ್ಟು ಉದುರಿದ ಮೇಲೆ, ಮರಳನ್ನು ಎಳೆದು ಮುಚ್ಚಿ, ಮೈಯನ್ನು ಎಡಕ್ಕೂ ಬಲಕ್ಕೂ ತೂಗುತ್ತ ಚಿಪ್ಪಿನಿಂದ ದಬದಬನೆ ಬಡಿದು ನೆಲವನ್ನು ಗಟ್ಟಿಮಾಡಿ, ಹಿಂದಿರುಗಿ ನೋಡದೆ ಕಡಲಿಗಿಳಿಯುತ್ತದೆ. ನಮ್ಮ ಹೊನ್ನಾವರದ ಕಾಸರಕೋಡಿನ ಮರಳಿನಲ್ಲಿ ಮೊಟ್ಟೆಯಿಡುವುದೂ ಇದೇ ಜಾತಿಯ ಆಮೆ. ಅಲ್ಲಿ ಒಂದೊಂದಾಗಿ ಬರುವುದನ್ನು ಕಂಡವರಿಗೆ ಲಾ ಫ್ಲೋರಿನ ಈ ಜಾತ್ರೆ ಊಹೆಗೂ ಮೀರಿದ್ದು.

ಇನ್ನು ದ್ವೀಪಕ್ಕೆ. ಕೊಸಿಬೋಲ್ಕಾ ಎಂಬ ಆ ಸರೋವರದ ವಿಸ್ತಾರ 8,000 ಚದರ ಕಿಲೋಮೀಟರಿಗೂ ಮೀರಿದ್ದು. ಆಚೆ ದಡ ಕಣ್ಣಿಗೆ ಸಿಕ್ಕದು. 1523ರಲ್ಲಿ ಇಲ್ಲಿಗೆ ಬಂದ ಗಿಲ್ ಗೊನ್ಸಾಲೆಸ್ ಎಂಬ ಸ್ಪೇನಿನ ದಳಪತಿ ನೀರನ್ನು ಕುಡಿದು ನೋಡಿ, ಉಪ್ಪಿಲ್ಲದುದನ್ನು ಕಂಡು, ಸಿಹಿಸಮುದ್ರವೆಂದು ಕರೆದ. ಆ ಹೆಸರನ್ನು ಒಂದು ಪ್ರಾಣಿಯೂ ಸಮರ್ಥಿಸುತ್ತಿತ್ತು: ಈ ಸಿಹಿನೀರಿನಲ್ಲಿ ಶಾರ್ಕ್‌ಗಳಿದ್ದವು. ಇವು ಇಲ್ಲಿಯೇ ಸೆರೆಯಾಗಿ ಉಳಿದ ಬೇರೆ ಜಾತಿಯೆಂದು ಪಂಡಿತರು ಬಹುಕಾಲ ನಂಬಿದ್ದರು. ಮೀನುಗಳಿಗೆ ಗುರುತಿನ ಬಿಲ್ಲೆ ಕಟ್ಟಿ ಬಿಟ್ಟು ಪರೀಕ್ಷಿಸಿದ ಥಾಮಸ್ ಥಾರ್ಸನ್ ಎಂಬ ಜೀವವಿಜ್ಞಾನಿ, ಇವು ಕೆರೀಬಿಯನ್ ಕಡಲಿನ ಬುಲ್ ಶಾರ್ಕ್‌ಗಳೇ ಎಂದೂ, ಸಾನ್ ಹುವಾನ್ ನದಿಯ ಪ್ರವಾಹಕ್ಕೆ ಎದುರಾಗಿ, ಜಲಪಾತದಂಥ ಇಳಿಜಾರುಗಳನ್ನು ದಾಟಿ ಮೇಲೇರಿ ಬರುತ್ತವೆ ಎಂದೂ ತೋರಿಸಿದರು. ರೆಕ್ಕೆಯ ಆಸೆಗೆ ಮನುಷ್ಯರು ಅವನ್ನು ಹಿಡಿದು ಹಿಡಿದು ಈಗ ಅವು ಅಪರೂಪವಾಗಿರುವುದು ದುಃಖದ ಮಾತು.

ಲಾಂಚು ದಡ ಬಿಟ್ಟ ಕೂಡಲೆ ಎದುರಿಗೆ ನೀರಿನಿಂದಲೇ ಎದ್ದು ನಿಂತಂತೆ ಎರಡು ಶಿಖರಗಳು ಕಾಣುತ್ತವೆ. ಒಮೆ ಎಂದರೆ ಎರಡು, ತೆಪೆತ್ಲ್ ಎಂದರೆ ಬೆಟ್ಟ. ನಹುವಾ ಜನರ ನುಡಿಯಲ್ಲಿ ದ್ವೀಪದ ಹೆಸರೇ ಎರಡು ಬೆಟ್ಟ. ವಾಯವ್ಯದಲ್ಲಿರುವ ಕೊನ್ಸೆಪ್ಸಿಯೋನ್ 1,610 ಮೀಟರ್ ಎತ್ತರದ, ಕುಂಬಾರನು ತಿಗರಿಯಲ್ಲಿ ತಿರುಗಿಸಿ ಎತ್ತಿದಂಥ ಶಂಕು, ಇನ್ನೂ ಜೀವಂತ. ಆಗ್ನೇಯದ ಮಡೆರಾಸ್ 1,394 ಮೀಟರ್. ಬೆಂಕಿ ಆರಿ, ಬಾಯಲ್ಲಿ ಒಂದು ಕೊಳವನ್ನು ಹಿಡಿದು, ಮೈತುಂಬ ಮಂಜಿನ ಕಾಡು ಹೊದ್ದು ಕುಳಿತಿದೆ. ಎರಡರ ಲಾವಾ, ಬೂದಿ, ಮಣ್ಣು ಹರಿದು ಕೂಡಿದ ತೆಳುವಾದ ಸೊಂಟವೇ ಇಸ್ತಿಯಾನ್ ಭೂಕಂಠ. ಅಲ್ಲಿಯ ಮರಳು ಬೂದುಗಪ್ಪು.

ಬೂದಿಯ ಮೇಲೆ ಬೆಳೆದದ್ದನ್ನು ತಿಂದೇ ಇಲ್ಲಿ ಜನ ಬದುಕಿದ್ದಾರೆ. ಅಡುಗೆಬಾಳೆ, ಕಾಫಿ, ಎಳ್ಳು, ಹೊಗೆಸೊಪ್ಪು, ಅಕ್ಕಿ ಯಾವುದಕ್ಕೂ ಮಣ್ಣು ಇಲ್ಲವೆನ್ನುವುದಿಲ್ಲ. ಬೇಲಿಯ ಉದ್ದಕ್ಕೂ ನೆಟ್ಟ ಗೂಟಗಳೇ ಚಿಗುರಿ ನಸುಗೆಂಪು ಹೂ ಬಿಟ್ಟಿರುವುದನ್ನು ನೋಡಿದರೆ ನಮ್ಮ ರೈತನು ಒಡನೆ ಗುರುತಿಸುವನು: ನಾವು ಗದ್ದೆಯ ಬದುವಿನಲ್ಲಿ ನೆಡುವ ಗೊಬ್ಬರದ ಗಿಡ, ಗ್ಲಿರಿಸಿಡಿಯಾ, ಮಧ್ಯ ಅಮೆರಿಕದಿಂದಲೇ ಬಂದದ್ದು. ನಮ್ಮ ಗುಡಿಯಂಗಳದ ದೇವಕಣಗಿಲೆಗೂ ತವರು ಆ ಕಡೆಯೇ. ಸಕುವಾನ್‌ಹೋಚೆ ಎಂಬ ಹೆಸರಿನಲ್ಲಿ ಅದು ನಿಕರಾಗುವಾದ ರಾಷ್ಟ್ರಪುಷ್ಪ. ಬೆಳಗ್ಗೆ ಅನ್ನವನ್ನೂ ಕೆಂಪು ಹುರುಳಿಕಾಯಿ ಬೀಜವನ್ನೂ ಕೂಡಿಸಿ ಬಾಣಲೆಯಲ್ಲಿ ಹುರಿದ ಗಾಯೊ ಪಿಂತೊ, ಪಕ್ಕದಲ್ಲಿ ಕರಿದ ಬಾಳೆ: ಅನ್ನದ ಊರಿನಿಂದ ಹೋದವನಿಗೆ ಇದಕ್ಕಿಂತ ಹಿತವಾದ ಸ್ವಾಗತ ಬೇರೆ ಬೇಕಿಲ್ಲ.

1957ರಲ್ಲಿ ಕೊನ್ಸೆಪ್ಸಿಯೋನ್ ಉಗ್ರವಾಗಿ ಸಿಡಿದಾಗ ದ್ವೀಪವನ್ನು ತೆರವು ಮಾಡಬೇಕೆಂದು ಸರ್ಕಾರ ಆಜ್ಞೆ ಹೊರಡಿಸಿತು, ಬಹುಮಂದಿ ಹೊರಡಲಿಲ್ಲ. ಇದನ್ನು ಮೂಢತನವೆಂದು ಹಳಿಯಲು ನನಗೆ ಮನಸ್ಸು ಬಾರದು. ಎಂದೋ ಒಂದು ದಿನ ಕೊಲ್ಲಬಹುದಾದ ಬೆಟ್ಟವು ದಿನದಿನವೂ ಅನ್ನ ಕೊಡುತ್ತಿರುವಾಗ, ಬಿಟ್ಟುಹೋಗೆಂದು ಹೇಳುವುದು ಆಚೆ ದಡದವರಿಗೆ ಸುಲಭ. ಆದರೆ ಆರಿದ ಬೆಟ್ಟವೂ ನಿರಪಾಯವಲ್ಲ: 1996ರಲ್ಲಿ ಮಡೆರಾಸಿನ ಇಳಿಜಾರಿನಿಂದ ಕೆಸರು ಕೊಚ್ಚಿಬಂದು ಬುಡದಲ್ಲಿದ್ದವರು ಸತ್ತರು. ಆದುದರಿಂದ ಹತ್ತುವವರು ಊರಿನ ಮಾರ್ಗದರ್ಶಿಯನ್ನು ಕೂಡಿಕೊಂಡೇ ಹೋಗಬೇಕು. ಒಬ್ಬೊಬ್ಬರೇ ಹೋಗಿ ಮಂಜಿನಲ್ಲಿ ದಾರಿ ತಪ್ಪಿ ಸತ್ತವರುಂಟು. ಕೊನ್ಸೆಪ್ಸಿಯೋನಿನ ಮೇಲ್ಭಾಗ ಕಾಲಿಟ್ಟಲ್ಲಿ ಜಾರುವ ಸಡಿಲಗಲ್ಲು. ಹೋಗಿ ಬರಲು ಇಡೀ ದಿನ ಬೇಕು. ಮಡೆರಾಸಿನಲ್ಲಿ ಕೆಸರೇ ಕೆಸರು, ಕಾಡಿನ ಒಳಗಿನಿಂದ ಊಳಿಡುವ ಕಪಿಗಳ ಗಂಭೀರವಾದ ಗರ್ಜನೆ. ತಪ್ಪಲಿನ ಬಂಡೆಗಳ ಮೇಲೆ, ಸ್ಪೇನಿನವರು ಬರುವ ಎಷ್ಟೋ ಮೊದಲು ಯಾರೋ ಕೊರೆದ ಸುರುಳಿಗಳು.

ಒಂದು ಅಂಚೆಚೀಟಿಯ ಮೇಲಿನ ಬೆಂಕಿಬೆಟ್ಟ ಈ ಸರೋವರವನ್ನು ಉಳಿಸಿತೆಂದರೆ ಅತಿಶಯೋಕ್ತಿಯಾಗಲಾರದು. ಎರಡು ಸಾಗರಗಳನ್ನು ಕೂಡಿಸುವ ಕಾಲುವೆ ಈ ಸರೋವರವನ್ನು ಹಾಯ್ದು ನಿಕರಾಗುವಾದಲ್ಲಿಯೋ ಪನಾಮಾದಲ್ಲಿಯೋ ಎಂದು 1902ರಲ್ಲಿ ಅಮೆರಿಕದ ಸೆನೆಟ್ ಚರ್ಚಿಸುತ್ತಿದ್ದಾಗ, ಪನಾಮಾದ ಪಕ್ಷವಹಿಸಿದ್ದ ಫಿಲಿಪ್ ಬ್ಯೂನೊ-ವರಿಯಾ ಎಂಬ ಫ್ರೆಂಚ್ ಎಂಜಿನಿಯರು, ಮೊಮೊತೊಂಬೊ ಬೆಟ್ಟ ಹೊಗೆಯುಗುಳುತ್ತಿರುವ ಚಿತ್ರವಿದ್ದ ನಿಕರಾಗುವಾದ ಚೀಟಿಯನ್ನು ಸೆನೆಟರುಗಳಿಗೆಲ್ಲ ಹಂಚಿದರು. ಮತ ಪನಾಮಾಕ್ಕೆ ಬಿತ್ತು. 2013ರಲ್ಲಿ ಚೀನೀ ಉದ್ಯಮಿಯೊಬ್ಬರ ಸಂಸ್ಥೆಗೆ ಕಾಲುವೆಯ ಹಕ್ಕು ದೊರೆತು, ಸಿಹಿಸಮುದ್ರದ ಗತಿಯೇನೆಂದು ದ್ವೀಪದವರು ಕಳವಳಪಟ್ಟರು. 2024ರಲ್ಲಿ ಆ ಒಪ್ಪಂದ ರದ್ದಾಯಿತು. ನಡುವೆ 2018ರ ಏಪ್ರಿಲ್‌ನಲ್ಲಿ ಆರಂಭವಾದ ರಾಜಕೀಯ ಕ್ಷೋಭೆಯಿಂದ ಪ್ರವಾಸಿಗರ ಬರವು ಒಮ್ಮೆಗೇ ಕುಸಿದು, ಅವರನ್ನು ನಂಬಿ ಸಾಲ ತೆಗೆದು ಕೋಣೆ ಕಟ್ಟಿಸಿದ್ದ ಮನೆಗಳಿಗೆ ಕಷ್ಟ ಬಂತು. ದೊಡ್ಡ ಹೋಟೆಲನ್ನು ಬಿಟ್ಟು ಇಂಥ ಮನೆಗಳಲ್ಲಿ ಇಳಿದುಕೊಳ್ಳಿರೆಂದು ಹೋಗುವವರಿಗೆ ನಾನು ಹೇಳುವೆನು.

ಹಿಂದಿರುಗುವ ಬೆಳಗ್ಗೆ ಮೊಯೊಗಾಲ್ಪಾದ ಕಟ್ಟೆಯಲ್ಲಿ ಬಾಳೆಗೊನೆಗಳ ರಾಶಿ ಬಿದ್ದಿರುತ್ತದೆ. ಆಳುಗಳು ಒಬ್ಬರ ಹಿಂದೊಬ್ಬರು, ಹೆಗಲಿಗೆ ಗೋಣಿ ಮಡಿಸಿಟ್ಟು, ಹಲಗೆಯ ಮೇಲೆ ತೂಗಾಡುತ್ತ ಗೊನೆಗಳನ್ನು ದೋಣಿಗೆ ಹೊರುತ್ತಾರೆ. ಪಾಪಗಾಯೊ ಬಲವಾದ ದಿನ ಬಂದರಿನವರು ದೋಣಿ ಬಿಡುವುದಿಲ್ಲ. ಸಾನ್ ಹುವಾನಿನಲ್ಲಿ ಅಲೆಗಳನ್ನು ನುಣುಪುಗೊಳಿಸುತ್ತಿರುವ ಅದೇ ಗಾಳಿ ಇಲ್ಲಿ ಸರೋವರವನ್ನು ಕದಡಿ ಕಟ್ಟೆಯ ಮೇಲೆ ನೀರೆರಚುತ್ತದೆ. ಆಗ ಗೊನೆಗಳನ್ನು ನೆರಳಿಗೆ ಸರಿಸಿ, ಆಳುಗಳೂ ಚೀಲದ ತರುಣರೂ ಒಂದೇ ಗೋಡೆಗೆ ಒರಗಿ ಕೂರುತ್ತಾರೆ. ಯಾರೋ ಒಬ್ಬಳು ಕಾಫಿ ತರುತ್ತಾಳೆ. ಕೊನ್ಸೆಪ್ಸಿಯೋನಿನ ತುದಿಗೆ ಅಂಟಿಕೊಂಡಿದ್ದ ಮೋಡ ಹರಿದು ಪಶ್ಚಿಮಕ್ಕೆ, ಕಡಲಿನ ಕಡೆಗೆ ಸಾಗುತ್ತಿರುತ್ತದೆ.